ಕಾಡಿಗೆ ಮೀಸೆ

ಹಿರೇಕಣಿವೆಯ ಅರಸ ವೀರಭೂಪಾಲನಿಗೆ ತನ್ನ ಮೀಸೆಯ ಮೇಲೆ ಎಷ್ಟು ಹೆಮ್ಮೆಯೋ ತನ್ನ ಕಾನೂನುಗಳ ಮೇಲೂ ಅಷ್ಟೇ ಹೆಮ್ಮೆ. ಆ ದಿನ ಹೊಸದೊಂದು ಕಾನೂನು ಹೊರಡಿಸಿ, ಮೀಸೆ ತಿರುವುತ್ತ ಸಭೆಯಲ್ಲಿ ಕೂತಿದ್ದ.

“ಮೀಸೆ ಇಲ್ಲದವರಿಗೆ ಭಂಗಿಸೊಪ್ಪು ಮಾರಕೂಡದು! ಇನ್ನು ನನ್ನ ರಾಜ್ಯದಲ್ಲಿ ಒಂದೇ ಒಂದು ಮಗುವಿಗೂ ಅಮಲು ಸಿಕ್ಕುವುದಿಲ್ಲ.”

ಸಭೆ ಭೇಷ್ ಎಂದಿತು. ಅದರ ಕೆಲಸವೇ ಅದು.

ಆದರೆ ಕೆಲವೇ ದಿನಗಳಲ್ಲಿ ಹೂ ಮಾರುವ ಸಿದ್ದವ್ವ ಅಳುತ್ತ ಸಭೆಗೆ ಬಂದಳು. “ಬುದ್ಧೀ, ನನ್ನ ಮಗ ನಿಂಗ ಇನ್ನೂ ಗೋಲಿ ಆಡೋ ಹುಡುಗ. ಭಂಗಿ ಕುಡಿದು ಕೆರೆ ಏರಿಯಿಂದ ಬಿದ್ದು ಕಾಲು ಮುರಕೊಂಡವ್ನೆ. ಮುದ್ದಪ್ಪನ ಅಂಗಡೀಲೇ ಕೊಂಡಿದ್ದು.”

ಭಂಗಿ ಅಂಗಡಿಯ ಗುತ್ತಿಗೆ ಹಿಡಿದಿದ್ದ ಮುದ್ದಪ್ಪ ಅಲ್ಲೇ ಇದ್ದ. ಕೈಮುಗಿದು ಹೇಳಿದ: “ಪ್ರಭು, ನಾನು ಮೀಸೆ ನೋಡದೆ ಒಂದೆಲೆಯನ್ನೂ ಮಾರಿದವನಲ್ಲ. ಆ ಹುಡುಗನಿಗೂ ಮೀಸೆ ಇತ್ತು.”

“ಅದು ಕಾಡಿಗೆ ಮೀಸೆ ಬುದ್ಧೀ! ಕಾಡಿಗೆ ಡಬ್ಬಿ ಇವನ ಅಂಗಡಿ ಕಟ್ಟೆ ಮೇಲೇ ಇರ್ತದೆ!”

“ಇರಬಹುದು. ಯಾವ ಮೀಸೆ ಅಂತ ಕಾನೂನು ಹೇಳಿಲ್ಲವಲ್ಲ,” ಅಂದ ಮುದ್ದಪ್ಪ.

ಅರಸನಿಗೆ ಸಿಟ್ಟು ಬಂತು. ಮುದ್ದಪ್ಪನ ಮೇಲಲ್ಲ, ಸಿದ್ದವ್ವನ ಮೇಲೆ. “ನನ್ನ ಕಾನೂನಿನಲ್ಲೇ ತೂತು ಹುಡುಕುತ್ತೀಯಾ? ನಾಳೆಯೊಳಗೆ ರುಜುವಾತು ಮಾಡು, ಇಲ್ಲವೇ ಊರು ಬಿಡು!”

ಮಗನ ಕಾಲು ಮುರಿದಿದೆ, ಈಗ ಮನೆಯೂ ಹೋಗುವ ಹಾಗಾಯಿತು. ಆಗ ಆಸ್ಥಾನದ ವಿದೂಷಕ ಹಂಪಣ್ಣ ಎದ್ದು ನಿಂತ.

“ಮುದ್ದಪ್ಪನವರೇ, ಮೀಸೆ ಇದ್ದವನೆಲ್ಲ ದೊಡ್ಡವನೇ, ಸರಿಯೇ?”

“ಸರಿಯೇ ಸರಿ. ಮೀಸೆ ಕಂಡ ಮೇಲೆ ನಾನು ಬೇರೇನನ್ನೂ ನೋಡುವವನಲ್ಲ.”

“ಪ್ರಭುಗಳಿಗೂ ಒಪ್ಪಿಗೆಯೇ?”

“ಅದೇ ಕಾನೂನು!” ಎಂದು ಅರಸ ಗುಡುಗಿದ.

ಮರುದಿನ ಬೆಳಿಗ್ಗೆ ಗಡಿಯ ಕೋಟೆಗೆ ಹೊರಟ ಸೈನಿಕರು ಅರಮನೆಯ ಅಂಗಳದಲ್ಲಿ ಸಾಲಾಗಿ ನಿಂತಿದ್ದರು; ಬೀಳ್ಕೊಡಲು ಅರಸನೂ ಬಂದಿದ್ದ. ಸಾಲಿನ ಕೊನೆಯಲ್ಲಿ ಮುದ್ದಪ್ಪನ ಏಳು ವರ್ಷದ ಮಗ. ಮೂಗಿನ ತನಕ ಶಿರಸ್ತ್ರಾಣ, ಕಿವಿಯ ತನಕ ಕಾಡಿಗೆ ಮೀಸೆ. ಹಂಪಣ್ಣ ಮಾಮ ನಿಜವಾದ ಭರ್ಜಿ ಕೊಟ್ಟಿದ್ದಾನೆ. ಹುಡುಗನ ಖುಷಿಗೆ ಪಾರವೇ ಇಲ್ಲ.

ಸುದ್ದಿ ಕೇಳಿ ಮುದ್ದಪ್ಪ ಎದ್ದುಬಿದ್ದು ಓಡಿಬಂದ. ದಳವಾಯಿ ಅವನನ್ನು ತಡೆದ. “ಮೀಸೆ ಇದೆ. ಕಾನೂನಿನ ಪ್ರಕಾರ ದೊಡ್ಡವನು. ಭೇರಿ ಬಾರಿಸಿದರೆ ಹೊರಟ.”

“ಪ್ರಭು, ಕಾಪಾಡಿ! ಅವನಿನ್ನೂ ಹಾಲುಹಲ್ಲಿನ ಕೂಸು!”

“ಮತ್ತೆ ಮೀಸೆ?” ಅಂದ ಹಂಪಣ್ಣ.

“ಅದು ಕಾಡಿಗೆ ಕಣಯ್ಯಾ! ಹುಡುಗನ ಮುಖ ನೋಡಿದರೆ ಗೊತ್ತಾಗೋದಿಲ್ವೇ? ನಿನಗೇನು ಕಣ್ಣಿಲ್ವೇ?”

ಹಂಪಣ್ಣ ಅರಸನ ಕಡೆ ತಿರುಗಿದ. “ಪ್ರಭು, ಮುದ್ದಪ್ಪನವರ ಕಣ್ಣು ಚೆನ್ನಾಗಿಯೇ ಇದೆ. ಅಂಗಡಿಯಲ್ಲಿ ಕೂತಾಗ ಮಾತ್ರ ಮಂಜಾಗುತ್ತದೆ.”

ಅರಸ ಹೊಟ್ಟೆ ಹಿಡಿದುಕೊಂಡು ನಕ್ಕ. ಅಂಗಳದ ಮೂಲೆಯಲ್ಲಿ ನಿಂತಿದ್ದ ಸಿದ್ದವ್ವನನ್ನು ಕಂಡಾಗ ನಗು ನಿಂತಿತು. ಮುದ್ದಪ್ಪನ ಗುತ್ತಿಗೆ ಅಲ್ಲೇ ರದ್ದಾಯಿತು. ನಿಂಗನ ಕಾಲು ವಾಸಿಯಾಗುವ ತನಕ ಆ ಮನೆಯ ಖರ್ಚೆಲ್ಲ ಮುದ್ದಪ್ಪನ ತಲೆಗೆ ಬಿತ್ತು.

“ಹಂಪಣ್ಣ, ನಿನಗೇನು ಬಹುಮಾನ ಬೇಕು?”

“ಮುದ್ದಪ್ಪನವರ ಕಾಡಿಗೆ ಡಬ್ಬಿ ಸಾಕು ಪ್ರಭು.”

“ಅದ್ಯಾಕಯ್ಯ?”

“ಇಟ್ಟುಕೊಂಡಿರುತ್ತೇನೆ. ತಾವು ಇನ್ನೂ ಕಾನೂನು ಮಾಡುತ್ತೀರಲ್ಲ!”