ಸದ್ದಿಲ್ಲದ ಬೆಲ್ಟು

ಈರಭದ್ರಪ್ಪನವರ ಮನೆ ಮುಂದೆ ಎರಡು ಕಾರು. ಹಳೆಯದರ ಹೊಟ್ಟೆಯಲ್ಲಿ ಗೇರ್‌ಬಾಕ್ಸು. ಹೊಸದರ ಹೊಟ್ಟೆಯಲ್ಲಿ, ಗೇರಿನ ಗೊಡವೆಯೇ ಇಲ್ಲದೆ ನುಣ್ಣಗೆ ಓಡಿಸುವ ಉಕ್ಕಿನ ಬೆಲ್ಟು. ಎಣ್ಣೆ ಹಳತಾದರೆ ಸಾಕು, ಸಾರಿಗೆ ಉಪ್ಪು ಸಾಲದ ಬೀಗರ ಹಾಗೆ ಗೇರ್‌ಬಾಕ್ಸು ಗೊಣಗುತ್ತಿತ್ತು. ಯಜಮಾನರು ಬೈದುಕೊಂಡೇ ಅದನ್ನು ಗ್ಯಾರೇಜಿಗೆ ಒಯ್ಯುತ್ತಿದ್ದರು. ಬೆಲ್ಟನ್ನು ಮಾತ್ರ ಬಂದವರೆದುರೆಲ್ಲ ಹೊಗಳುತ್ತಿದ್ದರು: “ಓಡೋದೇ ಗೊತ್ತಾಗಲ್ಲ ನೋಡ್ರಿ.”

ಹೀಗೆ ಹೊಗಳಿಕೆಯಲ್ಲೇ ವರ್ಷಗಳು ಕಳೆದವು, ಹೊಸ ಕಾರಿನ ಎಣ್ಣೆ ಬದಲಾಗಲಿಲ್ಲ. ಬೆಲ್ಟಿಗೆ ಮೈಯೆಲ್ಲ ಉರಿಯತೊಡಗಿತು.

“ಒಂಚೂರು ಅದುರು ತಂಗಿ, ಅವರಿಗೆ ತಿಳೀಲಿ,” ಎಂದಿತು ಗೇರ್‌ಬಾಕ್ಸು.

“ಅದುರಿದರೆ ನನ್ನನ್ನೂ ನಿನ್ನ ಸಾಲಿಗೇ ಸೇರಿಸ್ತಾರಣ್ಣ. ನನ್ನ ಒಳ್ಳೆ ಹೆಸರು ಏನಾಗಬೇಕು?”

“ಹೆಸರು ಸವರಿಕೊಂಡರೆ ಉರಿ ಹೋಗುತ್ತಾ?”

ಆದರೂ ಬೆಲ್ಟು ನಡುಕ ಬಂದಾಗಲೆಲ್ಲ ಇಲ್ಲದ ಹಲ್ಲು ಕಚ್ಚಿಕೊಂಡು ತಡೆಯಿತು.

ಒಂದು ದಿನ ಸಂಸಾರವನ್ನೆಲ್ಲ ಹೊತ್ತು ಘಾಟಿ ಹತ್ತುವಾಗ ಎಂಜಿನ್ನು ಎಷ್ಟು ಅಬ್ಬರಿಸಿದರೂ ಕಾರು ಅಲುಗಲಿಲ್ಲ. ಬೆಲ್ಟು ಹರಿದುಹೋಗಿತ್ತು.

“ನಿನ್ನೆಯವರೆಗೂ ಚೆನ್ನಾಗಿತ್ತಲ್ಲಪ್ಪ,” ಎಂದರು ಈರಭದ್ರಪ್ಪ, ಗ್ಯಾರೇಜಿನಲ್ಲಿ ನಿಂತು.

“ಚೆನ್ನಾಗಿರಲಿಲ್ಲ ಸಾರ್, ಸುಮ್ಮನಿತ್ತು,” ಎಂದ ಮೆಕ್ಯಾನಿಕ್ ದಸ್ತಗೀರ್, ತುಂಡುಗಳನ್ನು ಗುಜರಿ ಡಬ್ಬಕ್ಕೆ ಹಾಕುತ್ತಾ.