ಕೇಳುತ್ತ ಕೂತ ದುರುಗ

ಹೊಳೆಯಾಗಿ ಹರಿಯುವ ತಾಯಿ ಗಂಗವ್ವನಿಗೂ ಅವಳನ್ನು ತಲೆಯ ಮೇಲೆ ಹೊತ್ತ ಶಿವನಿಗೂ ಶರಣೆಂದು ಈ ಕತೆ ಹೇಳುತ್ತೇನೆ.

ಹೊಳೆದಂಡೆಯಲ್ಲಿ ಹಂಪವ್ವ ಎಂಬ ಅಂಬಿಗರಾಕೆ ಇದ್ದಳು. ಗಂಡ ಶಿವನ ಪಾದ ಸೇರಿದ್ದ. ಉಳಿದದ್ದು ಒಂದು ಹರಗೋಲು, ಒಬ್ಬ ಮಗ. ಮಗ ದುರುಗನಿಗೆ ಮೀಸೆ ಬಂದಿತ್ತು, ಬುದ್ಧಿ ಬಂದಿರಲಿಲ್ಲ.

ಹೊಳೆಯ ನಡುವೆ ಒಂದು ಮರಳುಗಡ್ಡೆ. ಊರವರು ಅಲ್ಲಿ ಕಲ್ಲಂಗಡಿ ಬೆಳೆಯುತ್ತಿದ್ದರು. ಗಡ್ಡೆಯ ಜಾಲಿಮರಕ್ಕೆ ಜಾಗಟೆ ಕಟ್ಟಿತ್ತು. ಮರಳಿ ಬರಬೇಕಾದವರು ಅದನ್ನು ಬಾರಿಸಬೇಕು, ಅಂಬಿಗ ಹರಗೋಲು ತರಬೇಕು. ಅದು ಕಟ್ಟಳೆ.

"ಮಗಾ, ನನಗೆ ಸೊಂಟ ಹಿಡಿದದೆ. ದಂಡೇಲಿ ಕೂತು ಜಾಗಟೆ ಕೇಳು."

ದುರುಗ ಕೂತ. ಗಡ್ಡೆಯಲ್ಲಿದ್ದವರು ಜಾಗಟೆ ಬಾರಿಸಿದರು, ಕೇಳಿದ. ಮತ್ತೆ ಬಾರಿಸಿದರು, ಮತ್ತೆ ಕೇಳಿದ. ಸಾಕಾಗಿ ಅವರು ಈಜಿ ಬಂದು ಬೈದು ಹೋದರು.

ಹಂಪವ್ವ ಕೇಳಿದಳು, "ಯಾಕೋ ಹೋಗಲಿಲ್ಲ?"

"ಕೇಳು ಅಂದೆ, ಕೇಳಿದೆ."

"ಕಲ್ಲಾದರೂ ವಾಸಿ ನಿನಗಿಂತ. ಅಲ್ಲಿ ಸದ್ದು ಮಾಡಿದ್ದನ್ನ ಹರಗೋಲಿಗೆ ಹಾಕ್ಕೊಂಡು ಬಾ."

"ಆಗಲಿ ಅವ್ವಾ."

ಮರುದಿನ ಜಾಗಟೆ ಕೇಳಿತು, ದುರುಗ ಹೋದ. ಬಂದಾಗ ಹರಗೋಲಲ್ಲಿ ಜಾಗಟೆ ಇತ್ತು. ಬುಟ್ಟಿ ಹೊತ್ತ ಹೆಂಗಸರು ಗಡ್ಡೆಯ ಮೇಲೆಯೇ ನಿಂತಿದ್ದರು.

"ಅವರೆಲ್ಲ ಸುಮ್ಮನೆ ನಿಂತಿದ್ದರು ಅವ್ವಾ. ಸದ್ದು ಮಾಡಿದ್ದು ಇದು."

ಹಂಪವ್ವ ಹಣೆ ಚಚ್ಚಿಕೊಂಡಳು. "ಬಾರಿಸೋರು ಅಲ್ಲಿರಬೇಕು, ಕೇಳೋರು ಇಲ್ಲಿರಬೇಕು. ಕೇಳೋರೇ ಇಲ್ಲದಿದ್ದರೆ ಅದು ಸದ್ದೇ ಅಲ್ಲ, ಬರೀ ಗಾಳಿ. ತಿಳೀತಾ?"

"ತಿಳೀತು."

ಇವನನ್ನು ನಂಬಲಾರದೆ ಅವಳೇ ಜಾಗಟೆ ಹಿಡಿದು ಮಗನ ಜೊತೆ ಹರಗೋಲಲ್ಲಿ ಗಡ್ಡೆಗೆ ಹೋದಳು. "ಮೊದಲು ಇವರನ್ನ ದಾಟಿಸು. ಜಾಗಟೆ ಕಟ್ಟಿ ನಾನು ಬಾರಿಸ್ತೀನಿ."

ದುರುಗ ಹೆಂಗಸರನ್ನು ದಾಟಿಸಿದ. ಅವರು ಮನೆ ಹಾದಿ ಹಿಡಿದರು. ಮೇಲೆ ಎಲ್ಲೋ ಮಳೆ ಹೊಯ್ದಿತ್ತೋ ಏನೋ, ಹೊಳೆ ಕೆಂಪಾಗಿ ಏರತೊಡಗಿತು. ಗಡ್ಡೆಯಿಂದ ಜಾಗಟೆ ಮೊಳಗಿತು.

ದುರುಗ ಹರಗೋಲಿಗೆ ಒಂದು ಕಾಲಿಟ್ಟ. ಆಮೇಲೆ ಯೋಚಿಸಿದ: ನಾನು ಹೊರಟರೆ ಇಲ್ಲಿ ಕೇಳೋರು ಯಾರು? ಅವ್ವನ ಸದ್ದು ಗಾಳಿಯಾಗಿ ಹೋಗ್ತದಲ್ಲ.

ಕಾಲು ತೆಗೆದ. ಕೂತ.

"ಬಾರಿಸವ್ವಾ, ಕೇಳ್ತಾ ಇದೀನಿ" ಎಂದು ಕೂಗಿದ.

ಜಾಗಟೆ ಬಿಡುವಿಲ್ಲದೆ ಮೊಳಗಿತು. ಬರಬರುತ್ತ ತಡೆದು ತಡೆದು ಮೊಳಗಿತು. ಕೊನೆಗೆ ಒಂದು ಸಲ ಮೊಳಗಿತು. ಆಮೇಲೆ ನೀರಿನ ಸದ್ದೊಂದೇ.

ಮೂರನೆಯ ದಿನ ಕೆಳಗಿನ ಜೊಂಡಿನಲ್ಲಿ ಅವಳು ಸಿಕ್ಕಳು. ಮಣ್ಣು ಮಾಡಿದ ಮೇಲೆ ಊರ ಹಿರಿಯ ತಿಪ್ಪಣ್ಣಜ್ಜ ಕೇಳಿದ, "ನಿನಗೆ ಕೇಳಿಸಲಿಲ್ಲವೇನೋ?"

"ಎಲ್ಲಾ ಕೇಳಿಸಿತಜ್ಜ. ಒಂದು ಪೆಟ್ಟೂ ಬಿಡಲಿಲ್ಲ."

ಅಜ್ಜ ಅವನ ಭುಜ ಹಿಡಿದ. "ಏಳಪ್ಪಾ, ಮನೆಗೆ ನಡಿ. ಇನ್ನು ಅವಳು ಕರೆಯೋದಿಲ್ಲ."

ದುರುಗ ಹಸಿಮಣ್ಣಿಗೆ ಕಿವಿಯಿಟ್ಟು ಮಲಗಿದ.

"ಕರೆದರೆ? ಕೇಳೋರು ಇಲ್ಲಿರಬೇಕಲ್ಲಜ್ಜ."

ಎಬ್ಬಿಸಿದರೆ ಏಳಲಿಲ್ಲ. ಎಲ್ಲರೂ ಹೋದರು, ಅವನು ಕೇಳುತ್ತಲೇ ಇದ್ದ.

ಆ ತಾಯಿ ಬಾರಿಸಿದ್ದು ಗಾಳಿಗೆ ಹೋಯಿತೆಂದು ನಾನು ನಂಬುವುದಿಲ್ಲ. ಕೊನೆಯ ಪೆಟ್ಟಿಗೆ ಶಿವನೇ ಎದ್ದು ಬಂದು ಕೈ ಹಿಡಿದಿರುತ್ತಾನೆ. ಇಷ್ಟು ಹೊತ್ತು ಕಿವಿಗೊಟ್ಟ ನಿಮಗೆಲ್ಲ, ಯಾರೇ ಕರೆದರೂ ಎದ್ದು ಓಡುವ ಕಾಲುಗಳನ್ನು ಅವನು ಕೊಡಲಿ.