ಗಾಣದ ಮನೆಯ ಬಟ್ಟೆ

ಸೋಮಲಿಂಗನೆಂಬ ಗೃಹಸ್ಥ ಶಿಷ್ಯ ಗುರುಗಳ ಮುಂದೆ ಕುಳಿತು ಕೇಳಿದ: "ಗುರುಗಳೇ, ನನ್ನ ಹೆಂಡತಿ ಮನೆಯವರೆಲ್ಲರ ಬಟ್ಟೆ ಒಗೆದು ಒಗೆದು ಸೋತುಹೋಗಿದ್ದಾಳೆ. ಇಂದು ಒಗೆದದ್ದು ನಾಳೆ ಮತ್ತೆ ಕೊಳೆಯಾಗುತ್ತದೆ. ಮುಗಿಯದ ಕೆಲಸವನ್ನು ದಣಿಯದೆ ಮಾಡುವುದು ಹೇಗೆ? ಒಂದು ಮಾತು ಹೇಳಿ, ಅವಳಿಗೆ ತಿಳಿಸುತ್ತೇನೆ."

ಗುರುಗಳು ಒಂದು ಕತೆ ಹೇಳಿದರು.

ಒಂದೂರಿನಲ್ಲಿ ಗಾಣದಿಂದ ಎಣ್ಣೆ ತೆಗೆಯುವವರ ಮನೆಯಿತ್ತು. ಆ ಮನೆಯ ಹಿರಿಯ ಸೊಸೆ ಬಾಳವ್ವ. ಮಾವ, ಗಂಡ, ಇಬ್ಬರು ಮೈದುನರು ಗಾಣದಲ್ಲಿ ದುಡಿಯುತ್ತಿದ್ದರು. ಅವರ ಬಟ್ಟೆಗೆ ಹಿಡಿದ ಜಿಡ್ಡು ಸುಲಭಕ್ಕೆ ಬಿಡುವಂಥದ್ದಲ್ಲ. ಬೆಳಗಾದರೆ ಬಾಳವ್ವ ಗಂಟು ಹೊತ್ತು ಹಳ್ಳಕ್ಕೆ ಹೋಗುತ್ತಿದ್ದಳು. ಅಂಟುವಾಳದ ನೊರೆ ಹಚ್ಚಿ, ಕಲ್ಲಿಗೆ ಬಡಿದು, ಹಿಂಡಿ, ಬಿಸಿಲು ನೆತ್ತಿಗೆ ಬರುವಾಗ ಮನೆಗೆ ಬರುತ್ತಿದ್ದಳು.

ಅವಳು ಬೆಳ್ಳಗೆ ಒಗೆದಷ್ಟೂ ಗಂಡಸರು ಬಟ್ಟೆ ಬದಲಿಸುವುದು ಹೆಚ್ಚಾಯಿತು. ಕೈಯ ಎಣ್ಣೆಯನ್ನು ಪಂಚೆಗೇ ಒರೆಸಿಕೊಂಡರು. ಒಗೆದದ್ದು ಹೇಗೂ ಸಿದ್ಧವಿರುತ್ತಿತ್ತು.

ಭುಜ ನೋಯುತ್ತದೆ ಎಂದು ಅತ್ತೆಯ ಬಳಿ ಹೇಳಿಕೊಂಡಳು. ತಾನು ಮೂವತ್ತು ವರ್ಷ ಒಗೆದವಳು, ಒಂದು ದಿನವೂ ಬಾಯಿ ಬಿಟ್ಟವಳಲ್ಲ ಎಂದಳು ಅತ್ತೆ. ಮರುದಿನವೂ ಬಾಳವ್ವ ಗಂಟು ಹೊತ್ತಳು.

ಒಂದು ದಿನ ಮಗಳ ತಲೆ ಬಾಚಲು ಕುಳಿತಾಗ ಬಲಗೈ ಮೇಲೇಳಲಿಲ್ಲ. ಬಾಚಣಿಗೆ ಕೆಳಗೆ ಬಿತ್ತು. ಎಂಟು ವರ್ಷದ ಮಗಳು ಅದನ್ನು ಎತ್ತಿ ಕೊಟ್ಟು, ಸ್ವಲ್ಪ ದಿನ ತಡೆದುಕೋ ಅವ್ವ, ದೊಡ್ಡವಳಾದ ಮೇಲೆ ಎಲ್ಲರ ಬಟ್ಟೆ ನಾನೇ ಒಗೆಯುತ್ತೇನೆ ಎಂದು ಸಮಾಧಾನ ಹೇಳಿದಳು. ಭುಜದ ನೋವನ್ನು ತಡೆದುಕೊಂಡಿದ್ದ ಬಾಳವ್ವನಿಗೆ ಆ ಸಮಾಧಾನವನ್ನು ತಡೆದುಕೊಳ್ಳಲಾಗಲಿಲ್ಲ.

ಮರುದಿನ ತನ್ನ ಸೀರೆ, ಮಗಳ ಲಂಗ ಇಷ್ಟನ್ನೇ ಒಗೆದು ತಂದು ಹರವಿದಳು. ಉಳಿದದ್ದು ಅಂಗಳದ ಮೂಲೆಯಲ್ಲಿ ಬಿದ್ದಿತ್ತು. ಅವಳಿಗೆ ಮೈ ಹುಷಾರಿಲ್ಲವೇನೋ ಎಂದುಕೊಂಡ ಗಂಡ. ಮೂರನೆಯ ದಿನ ಮಾವನಿಗೆ ಉಡಲು ಪಂಚೆ ಇರಲಿಲ್ಲ. ಅವನು ಜಿಡ್ಡಿನ ಪಂಚೆಯಲ್ಲೇ ಅಂಗಳಕ್ಕೆ ಬಂದು, ಮನೆಯವರನ್ನೆಲ್ಲ ಕರೆದು, "ಈ ಬಟ್ಟೆ ಒಗೆಯಬೇಕಾದವರು ಯಾರು?" ಎಂದು ಕೇಳಿದ.

"ಉಟ್ಟವರು" ಎಂದಳು ಬಾಳವ್ವ.

ಆ ಮನೆಯಲ್ಲಿ ಮಾವನಿಗೆ ಯಾರೂ ಎದುರಾಡಿದ್ದಿಲ್ಲ. ನಾಳೆಯೇ ಅವಳನ್ನು ತವರಿಗೆ ಕಳಿಸಿಬಿಡುತ್ತೇನೆ ಎಂದ.

ಬಾಳವ್ವ ರಾಶಿಯತ್ತ ಕೈ ತೋರಿಸಿದಳು. "ಕಳಿಸಿ ಮಾವ. ನಾನು ಹೋದರೂ ಈ ರಾಶಿ ಇಲ್ಲೇ ಇರುತ್ತದೆ."

ಗಂಡ ನೆಲ ನೋಡಿದ. ಆಗ ಅತ್ತೆ ಎದ್ದು ರಾಶಿಯ ಬಳಿ ಹೋದಳು. ಎಲ್ಲವನ್ನೂ ಇನ್ನು ಅತ್ತೆಯೇ ಹೊತ್ತುಕೊಳ್ಳುತ್ತಾಳೆ, ತನ್ನ ಹಟ ಇಲ್ಲಿಗೆ ಮುಗಿಯಿತು ಎಂದುಕೊಂಡಳು ಬಾಳವ್ವ. ಅತ್ತೆ ಬಾಗಿ, ಗಂಡಸರ ಬಟ್ಟೆಗಳನ್ನು ಒಂದೊಂದಾಗಿ ಪಕ್ಕಕ್ಕೆ ಸರಿಸಿ, ಅಡಿಯಲ್ಲಿದ್ದ ತನ್ನ ಸೀರೆಯೊಂದನ್ನೇ ಎಳೆದುಕೊಂಡಳು. ಸೊಸೆಯ ಕಡೆ ತಿರುಗಿ, ಹಳ್ಳಕ್ಕೆ ಹೋಗೋಣ ನಡೆ ಎಂದಳು.

ಮರುದಿನ ಯಾರೂ ತವರಿಗೆ ಹೋಗಲಿಲ್ಲ. ಗಂಡನೂ ಮೈದುನರೂ ಗಂಟು ಹೊತ್ತು ಹಳ್ಳಕ್ಕೆ ಇಳಿದರು. ನೋಡಿದವರು ನಕ್ಕರು. ಒಂದು ಪಂಚೆಯ ಜಿಡ್ಡು ಬಿಡಿಸುವಷ್ಟರಲ್ಲಿ ಗಂಡನ ಅಂಗೈ ಸುಲಿದಿತ್ತು. ವಾರದೊಳಗೆ ಅವರು ಸೊಂಟಕ್ಕೆ ಹಳೆಯ ಗೋಣಿತಟ್ಟು ಕಟ್ಟಿಕೊಂಡು ಗಾಣದಲ್ಲಿ ದುಡಿಯತೊಡಗಿದರು. ಕೈ ಒರೆಸಲು ಚಿಂದಿಬಟ್ಟೆ ಇಟ್ಟುಕೊಂಡರು. ರಾಶಿ ಕಾಲುಭಾಗಕ್ಕೆ ಇಳಿಯಿತು. ಮಾವ ಬಹಳ ದಿನ ಮುನಿಸಿಕೊಂಡೇ ಇದ್ದ. ಕೊನೆಗೆ ಅವನೂ ಊರು ಏಳುವ ಮುನ್ನ ಹೋಗಿ ತನ್ನ ಪಂಚೆ ಒಗೆದುಕೊಂಡು ಬರತೊಡಗಿದ. ಅದು ಬೆಳ್ಳಗಾಗುತ್ತಿರಲಿಲ್ಲ. ಬಾಳವ್ವ ಅದನ್ನು ಮತ್ತೊಮ್ಮೆ ಒಗೆಯಲು ಹೋಗಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಸೋಮಲಿಂಗ ಕೇಳಿದ: "ಹಾಗಾದರೆ ನನ್ನ ಹೆಂಡತಿಗೆ ಏನು ಹೇಳಲಿ, ಗುರುಗಳೇ?"

ಗುರುಗಳೆಂದರು: "ಏನೂ ಹೇಳಬೇಡ, ಅವಳು ಬಟ್ಟೆ ಒಗೆಯಲು ಹೊರಡುವ ಮುನ್ನ ಮನೆ ಮುಟ್ಟಿ, ನಿನ್ನ ಬಟ್ಟೆಯನ್ನು ಗಂಟಿನಿಂದ ತೆಗೆದುಕೋ."